ಜಿಗಿತದ ಅಭ್ಯಾಸದ ಬಗ್ಗೆ ಪೋಷಕರಿಗೆ

ಪ್ರೀತಿಯ ಪೋಷಕರೇ,

ಶುಕ್ರವಾರ ಜಿಗಿತದ ಅಭ್ಯಾಸದಲ್ಲಿ ಒಬ್ಬ ಹುಡುಗ ಬಿದ್ದು ಮೊಣಕಾಲು ತರಚಿಕೊಂಡದ್ದು ನಿಮಗೆ ಗೊತ್ತು. ಗುಂಡಿಯಲ್ಲಿ ಮರಳು ತೆಳುವಾಗಿತ್ತು. ಅದು ನಮ್ಮ ತಪ್ಪು, ಸೋಮವಾರವೇ ಹೊಸ ಮರಳು ಹಾಕಿಸಿದ್ದೇವೆ. ಆದರೆ ನಿಮ್ಮಲ್ಲಿ ಹಲವರು ಕೇಳಿದ್ದು ಮರಳಿನ ವಿಷಯವಲ್ಲ. "ಏನು ಕೇಳಿದರೂ ‘ಬರುತ್ತೆ’ ಅನ್ನೋ ಮಗು ಅದು. ಅವನ ಮಾತು ನಂಬಿ ಯಾಕೆ ಬಿಟ್ಟಿರಿ?" ಎಂದಿರಿ.

ಅರ್ಧ ನಿಜ. ಬುದ್ಧಿಯ ಬೆಳವಣಿಗೆ ನಿಧಾನವಿರುವ ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಎದುರಿಗಿದ್ದವರನ್ನು ಮೆಚ್ಚಿಸಲು ಎಲ್ಲದಕ್ಕೂ ಹೂಂಗುಟ್ಟುತ್ತಾರೆ. ಅದಕ್ಕೇ ನಾವು ಬರೀ ಬಾಯಿಮಾತಿನಲ್ಲಿ ಕೇಳುವುದಿಲ್ಲ. ಎರಡು ಚಿತ್ರ ಇಡುತ್ತೇವೆ: ಒಂಟಿ ಕಾಲಲ್ಲಿ ಚೆನ್ನಾಗಿ ಕುಪ್ಪಳಿಸುವ ಮಗು, ತಡವರಿಸುವ ಮಗು. "ಇವರಲ್ಲಿ ನೀನು ಯಾರ ಥರ?" ಅಮೆರಿಕದ ಮನೋವಿಜ್ಞಾನಿಗಳಾದ ಸೂಸನ್ ಹಾರ್ಟರ್, ರಾಬಿನ್ ಪೈಕ್ 1984ರಲ್ಲಿ ಪುಟ್ಟ ಮಕ್ಕಳಿಗೆಂದು ತಂದ ವಿಧಾನದ ಮಾದರಿ ಇದು. ಮಾತು ಬಾರದ ಮಗುವೂ ಬೆರಳಿಟ್ಟು ಹೇಳಬಹುದು. ಆಮೇಲೆ ತಾನು ಎಲ್ಲಿಗೆ ಜಿಗಿಯುತ್ತೇನೆಂದು ಕೋಲಿನಲ್ಲಿ ಗೆರೆ ಎಳೆದು, ಮಗು ಜಿಗಿಯುತ್ತದೆ. ಬಿದ್ದ ಹುಡುಗ ಜೂನ್‌ನಲ್ಲಿ ಎಳೆದ ಗೆರೆ ಕಾಂಪೌಂಡ್ ಬುಡದಲ್ಲಿತ್ತು. ಈಗ ಅವನ ಹೆಜ್ಜೆಗೂ ಗೆರೆಗೂ ಒಂದು ಗೇಣು ಅಂತರ. ನಿನ್ನಿಂದಾಗಲ್ಲ ಎಂದು ನಾವು ಒಮ್ಮೆಯೂ ಹೇಳಿಲ್ಲ. ಜಿಗಿದು ಜಿಗಿದು ತಾನೇ ಕಂಡುಕೊಂಡ.

ನನಗೆ ಹೆಚ್ಚು ಚಿಂತೆ ಇನ್ನೊಂದು ಮಗುವಿನದು. ಸಾರಿನ ಪಾತ್ರೆ ಹಿಡಿದು ತುಳುಕಿಸದೆ ಮೆಟ್ಟಿಲಿಳಿಯುವ ಹುಡುಗಿ ಅವಳು. ಚಿತ್ರ ಇಟ್ಟರೆ ಪ್ರತಿ ಸಲವೂ ತಡವರಿಸುವ ಮಗುವಿನ ಮೇಲೇ ಬೆರಳಿಡುತ್ತಾಳೆ. ಅವಳು ಹಾಗೆ ತಿಳಿದುಕೊಂಡದ್ದು ಎಲ್ಲಿಂದ? ದೂರುತ್ತಿಲ್ಲ, ತಾಯಂದಿರೇ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ‘ಆಗಲ್ಲ’ ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರೆಂದು ಬಲ್ಲೆ. ಬೀಳದಿರಲಿ ಎಂದು ಕೈ ಹಿಡಿಯುತ್ತೀರಿ, ನಾನಾದರೂ ಹಿಡಿಯುತ್ತಿದ್ದೆ. ಆದರೆ ಮೆಟ್ಟಿಲಲ್ಲೂ ಮೈದಾನದಲ್ಲೂ ಬಸ್ಸಲ್ಲೂ ಹಿಡಿದೇ ಇದ್ದರೆ ತನ್ನ ಕಾಲಿನ ಬಲ ಮಗುವಿಗೆ ತಿಳಿಯುವುದು ಯಾವಾಗ?

ಅಪಾಯವಿದ್ದಲ್ಲಿ ನಾವೂ ಬಿಡುವುದಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ಒಂದು ವರ್ಣತಂತು ವ್ಯತ್ಯಾಸ) ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲ್ತುದಿಯ ಕೀಲು ಸಡಿಲವಿರುತ್ತದೆ. ವೈದ್ಯರ ಪತ್ರ ಬರುವ ತನಕ ಅವರಿಗೆ ಲಾಗ ಹಾಕಿಸುವುದಿಲ್ಲ. ಸ್ಪರ್ಧೆಯಲ್ಲಿ, ಇಂಥ ಮಕ್ಕಳು, ದೊಡ್ಡವರಿಗೆಂದೇ ನಡೆಯುವ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡಾಕೂಟದಲ್ಲಿ ಮಾಡುವಂತೆ, ಸರಿಸಮಾನ ಸಾಮರ್ಥ್ಯದವರನ್ನೇ ಒಂದು ಗುಂಪಿಗೆ ಹಾಕುತ್ತೇವೆ. ಜಿಗಿತ ಮಾತ್ರ ನಿಲ್ಲಿಸುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಮೈದಾನಕ್ಕೆ ಬನ್ನಿ, "ನಿನಗೆ ಬರುತ್ತಾ?" ಎಂದು ಮೇಷ್ಟ್ರು ಕೇಳಿದಾಗ ದಯವಿಟ್ಟು ಮಗುವಿನ ಪರವಾಗಿ ಉತ್ತರ ಕೊಡಬೇಡಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ