ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಡಿ ಪಾಸ್: ಸೈನ್ಯ ಸೇರುತ್ತಿರುವ ಮಗನಿಗೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ತರಬೇತಿ ಮುಗಿದ ಮೇಲೆ ಪೂನಾ ಹಾರ್ಸ್ ರೆಜಿಮೆಂಟನ್ನೇ ಕೇಳಿಕೊಳ್ಳಬೇಕೆಂದಿದ್ದೀಯೆ ಎಂದು ನಿನ್ನ ತಂದೆ ತಿಳಿಸಿದ. 1965ರಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಅವರನ್ನೂ 1971ರ ಬಸಂತರ್ ಕದನದ ಅರುಣ್ ಖೇತ್ರಪಾಲರನ್ನೂ ನೀನು ಚೆನ್ನಾಗಿ ಬಲ್ಲೆ. ಅವರಿಗಿಂತ ಅರ್ಧ ಶತಮಾನ ಮೊದಲು ಅದೇ ರೆಜಿಮೆಂಟಿನಲ್ಲಿ ಪ್ರಾಣ ತೆತ್ತ, ನಮ್ಮ ಕಡೆ ಹೆಸರೇ ಕೇಳಿಬರದ ಒಬ್ಬ ಯಹೂದಿ ಅಧಿಕಾರಿಯ ವಿಷಯವನ್ನು ನೀನು ಹೊರಡುವ ಮುನ್ನ ತಿಳಿದಿರಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಆತನ ಹೆಸರು ಫ್ರಾಂಕ್ ಅಲೆಕ್ಸಾಂಡರ್ ಡಿ ಪಾಸ್. ಹುಟ್ಟಿದ್ದು 1887ರ ಏಪ್ರಿಲ್‌ನಲ್ಲಿ, ಲಂಡನ್ನಿನ ಸೆಫಾರ್ಡಿ, ಅಂದರೆ ಸ್ಪೇನ್-ಪೋರ್ಚುಗಲ್ ಮೂಲದ, ಯಹೂದಿ ಕುಟುಂಬವೊಂದರಲ್ಲಿ. ಯಹೂದಿಯೊಬ್ಬ ತನ್ನ ಧರ್ಮಕ್ಕೆ ಒಪ್ಪುವ ರೀತಿಯಲ್ಲಿ ಪ್ರಮಾಣವಚನ ಸ್ವೀಕರಿಸಿ ಬ್ರಿಟಿಷ್ ಸಂಸತ್ತಿನಲ್ಲಿ ಕೂರಲು ಅವಕಾಶ ದೊರೆತು ಆಗಿನ್ನೂ ಮೂವತ್ತು ವರ್ಷವೂ ತುಂಬಿರಲಿಲ್ಲ. ರಗ್ಬಿ ಶಾಲೆಯಲ್ಲಿಯೂ ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿಯೂ ಓದಿ, 1906ರಲ್ಲಿ ಫಿರಂಗಿದಳದ ಅಧಿಕಾರಿಯಾಗಿ, ಮುಂದೆ ಭಾರತಕ್ಕೆ ಬಂದು 34ನೇ ಪೂನಾ ಹಾರ್ಸ್ ಸೇರಿದ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಸಿಕಂದರಾಬಾದ್ ಅಶ್ವದಳ ಬ್ರಿಗೇಡಿನ ಭಾಗವಾಗಿ ಆ ರೆಜಿಮೆಂಟು ಫ್ರಾನ್ಸಿಗೆ ಹೋಯಿತು. ಕುದುರೆ ಏರಿ ಕಾದಲು ಕಲಿತವರು ಅಲ್ಲಿ ಕುದುರೆಗಳನ್ನು ಹಿಂದೆ ಬಿಟ್ಟು, ಚಳಿಗಾಲದ ಕೆಸರಿನಲ್ಲಿ, ಕಂದಕಗಳಲ್ಲಿ ನಿಂತು ಹೋರಾಡಬೇಕಾಯಿತು.

ನವೆಂಬರ್ 23ರಂದು ಫೆಸ್ಟುಬೇರ್ ಎಂಬ ಊರಿನ ಬಳಿ ಭಾರತೀಯ ಸೈನ್ಯದ 58ನೇ ರೈಫಲ್ಸ್ ಎಂಬ ಕಾಲಾಳು ರೆಜಿಮೆಂಟಿನಿಂದ ಅವರು ವಹಿಸಿಕೊಂಡ ಕಂದಕದ ಎದುರಿಗೇ ಜರ್ಮನ್ನರು ಒಂದು ‘ಸ್ಯಾಪ್’ ತೋಡಿಕೊಂಡು ಬಂದಿದ್ದರು. ಶತ್ರುವಿನ ಕಡೆಗೆ ಉದ್ದಕ್ಕೆ ಅಗೆದುಕೊಂಡು ಹೋಗುವ ಇಕ್ಕಟ್ಟಾದ ಕಂದಕಕ್ಕೆ ಸೈನ್ಯದವರು ಹಾಗೆನ್ನುತ್ತಾರೆ. ಮರುದಿನ ನಸುಕಿನಲ್ಲಿ ಡಿ ಪಾಸ್, ಸವಾರರಾದ ಫತೇಹ್ ಖಾನ್ ಮತ್ತು ಫರ್ಮಾನ್ ಶಾ ಅವರನ್ನು ಜೊತೆಗೆ ಕರೆದುಕೊಂಡು, ಆ ಸ್ಯಾಪಿನೊಳಗೆ ತೆವಳುತ್ತಾ ಹೋಗಿ, ಶತ್ರುಗಳು ಬಾಂಬ್ ಎಸೆಯುತ್ತಿದ್ದಾಗಲೇ ಅವರ ಮಣ್ಣಿನ ಅಡ್ಡಗೋಡೆಗೆ ಸಿಡಿಮದ್ದು ಇಟ್ಟು ಅದನ್ನು ಉರುಳಿಸಿದ. ಅಂದೇ ಇನ್ನೊಂದು ಸಂಗತಿ ನಡೆಯಿತು. ಎರಡೂ ಕಡೆಯ ಕಂದಕಗಳ ನಡುವಿನ ಬಯಲಿನಲ್ಲಿ 58ನೇ ರೈಫಲ್ಸ್‌ನ ಸಿಪಾಯಿಯೊಬ್ಬ ಗಾಯಗೊಂಡು ಬಿದ್ದಿದ್ದ. ಹಾಡಹಗಲಿನಲ್ಲಿ, ಗುಂಡಿನ ಸುರಿಮಳೆಯ ನಡುವೆ, ಡಿ ಪಾಸ್ ಮತ್ತು 7ನೇ ಡ್ರಗೂನ್ ಗಾರ್ಡ್ಸ್ ಎಂಬ ಬ್ರಿಟಿಷ್ ಅಶ್ವದಳದ ಕುಕ್ ಎಂಬ ಸೈನಿಕ ಹೊರಗೆ ಹೋಗಿ ಅವನನ್ನು ಎತ್ತಿ ತಂದರು. ಆ ಸಿಪಾಯಿ ಡಿ ಪಾಸ್‌ನ ರೆಜಿಮೆಂಟಿನವನಲ್ಲ, ದೇಶದವನಲ್ಲ, ಮತದವನೂ ಅಲ್ಲ. ‘ಅವನು ನಮ್ಮವನಲ್ಲ, ಅವನ ಕಡೆಯವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿದ್ದಿದ್ದರೆ ಯಾರೂ ಡಿ ಪಾಸ್‌ನನ್ನು ಕೇಳುತ್ತಿರಲಿಲ್ಲ.

ಅಡ್ಡಗೋಡೆ ಉರುಳಿಸಿದ್ದ ಆ ಸ್ಯಾಪನ್ನು ಜರ್ಮನ್ನರು ಮತ್ತೆ ವಶಪಡಿಸಿಕೊಂಡರು. ನವೆಂಬರ್ 25ರಂದು ಅದನ್ನು ಪುನಃ ಹಿಡಿಯುವ ಪ್ರಯತ್ನದಲ್ಲಿ ಡಿ ಪಾಸ್ ಮಡಿದ. ಆಗ ಆತನಿಗೆ ಇಪ್ಪತ್ತೇಳು ವರ್ಷ. ಮಣ್ಣಿಗಾಗಿ ಮಾಡಿದ ಸಾಹಸವು ಒಂದೇ ದಿನದಲ್ಲಿ ಅಳಿಸಿಹೋಯಿತು; ಮನುಷ್ಯನೊಬ್ಬನನ್ನು ಹೊತ್ತು ತಂದದ್ದನ್ನು ಮಾತ್ರ ಯಾವ ಸೈನ್ಯವೂ ಹಿಂದಕ್ಕೆ ಕಸಿದುಕೊಳ್ಳಲಾಗಲಿಲ್ಲ. ಮಗು, ನಿನ್ನ ವೃತ್ತಿಯಲ್ಲಿ ಗೆದ್ದ ನೆಲ ಎಷ್ಟೋ ಸಲ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ನಿನ್ನ ಕೈಕೆಳಗಿನವರ ಜೀವವನ್ನು ಯಾವುದಕ್ಕೆ ಒಡ್ಡುತ್ತಿದ್ದೇನೆ ಎಂಬುದನ್ನು ಸಮಯ ಇರುವಾಗಲೆಲ್ಲ ತೂಗಿ ನೋಡು. ಒಡ್ಡಲೇಬೇಕಾದಾಗ ಆತನಂತೆ ನೀನೇ ಮುಂದಿರು.

1915ರ ಫೆಬ್ರವರಿಯಲ್ಲಿ ಆತನಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಆ ಪದಕ ಪಡೆದ ಯಹೂದಿಗಳಲ್ಲಿ ಆತನೇ ಮೊದಲಿಗ ಎನ್ನುತ್ತಾರೆ. ಸಮುದಾಯದ ಆ ಹೆಮ್ಮೆ ನನಗೆ ಅರ್ಥವಾಗುತ್ತದೆ, ಏಕೆಂದರೆ ಸಣ್ಣ ಸಮುದಾಯಗಳ ನಿಷ್ಠೆಯನ್ನು ಜಗತ್ತು ಬೇಗ ಅನುಮಾನಿಸುತ್ತದೆ. ಎದುರಿನ ಜರ್ಮನ್ ಸೈನ್ಯದಲ್ಲಿಯೂ ಆ ಯುದ್ಧದುದ್ದಕ್ಕೂ ಸುಮಾರು 1,00,000 ಯಹೂದಿಗಳು ಸೇವೆ ಸಲ್ಲಿಸಿದರು, ಸುಮಾರು 12,000 ಮಂದಿ ಸತ್ತರು. ಹೀಗಿದ್ದರೂ 1916ರಲ್ಲಿ ಆ ಸೈನ್ಯ, ಯಹೂದಿಗಳು ಮುಂಚೂಣಿಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಅಪವಾದವನ್ನು ಮುಂದಿಟ್ಟುಕೊಂಡು ಅವರ ತಲೆಯೆಣಿಕೆ ಮಾಡಿತು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕುದಿಯುತ್ತದೆ. ನಿನ್ನ ತುಕಡಿಯಲ್ಲಿ ಯಾರ ಜಾತಿ, ಯಾರ ಮತ ಯಾವುದೆಂದು ತಿಳಿದುಕೊಳ್ಳುವುದು ಅವರ ಹಬ್ಬ, ಉಪವಾಸ, ಊಟಗಳನ್ನು ಗೌರವಿಸುವುದಕ್ಕಾಗಿ ಮಾತ್ರ ಇರಲಿ. ತಾರಾಪೋರ್ ಅವರೂ ಪಾರ್ಸಿಗಳೆಂಬ ಅತಿ ಸಣ್ಣ ಸಮುದಾಯದವರೇ.

ಇನ್ನೊಂದು ವಿಷಯವನ್ನೂ ಮುಚ್ಚಿಡಲಾರೆ. ಡಿ ಪಾಸ್ ಕಾದಾಡಿದ್ದು ನಮ್ಮನ್ನು ಆಳುತ್ತಿದ್ದ ಸಾಮ್ರಾಜ್ಯದ ಪರವಾಗಿ, ಮತ್ತು ಆತನ ನೆನಪು ಉಳಿದಷ್ಟು ಆ ಇಬ್ಬರು ಸವಾರರ ನೆನಪು ಉಳಿದಿಲ್ಲ. ಆತನ ಪದಕ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ, ಸಮಾಧಿ ಫ್ರಾನ್ಸಿನ ಬೆತೂನ್ ಪಟ್ಟಣದ ಸ್ಮಶಾನದಲ್ಲಿದೆ, 2014ರಲ್ಲಿ ಲಂಡನ್ನಿನಲ್ಲಿ ಸ್ಮಾರಕ ಶಿಲೆಯನ್ನೂ ಹಾಕಿದರು. ಬೆತೂನ್‌ನಿಂದ ದೂರವಲ್ಲದ ನವ್ ಶಾಪೆಲ್‌ನ ಸ್ಮಾರಕದ ಮೇಲೆ, ಸಮಾಧಿಯೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ರೆಜಿಮೆಂಟಿನ ಚರಿತ್ರೆಯನ್ನು ನಿನ್ನ ಜವಾನರಿಗೆ ಹೇಳುವ ಸಂದರ್ಭ ಬಂದರೆ ಫತೇಹ್ ಖಾನ್ ಮತ್ತು ಫರ್ಮಾನ್ ಶಾ ಅವರ ಹೆಸರನ್ನು ಬಿಡದೆ ಹೇಳು.

ಭಾರತಕ್ಕೆ ಬಂದ ಅಧಿಕಾರಿಗಳು ಆಗ ಹಿಂದೂಸ್ತಾನಿ ಕಲಿಯಲೇಬೇಕಿತ್ತು. ನಿನ್ನ ಹಿಂದಿ ಇನ್ನೂ ಪುಸ್ತಕದ ಹಿಂದಿಯಾಗಿದೆ. ಹೊರಡುವವರೆಗೆ ಪ್ರತಿದಿನ ಒಂದು ಗಂಟೆ ಮಾತನಾಡಿ ಅಭ್ಯಾಸ ಮಾಡು. ಅಕಾಡೆಮಿ ತಲುಪಿದ ಕೂಡಲೇ ನಿನ್ನ ತಾಯಿಗೆ ಫೋನ್ ಮಾಡುವುದನ್ನು ಮರೆಯಬೇಡ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ