ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಲಿ ಜ್ವರಕ್ಕೆಂದು ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರೆ ದಯವಿಟ್ಟು ಇದನ್ನು ಓದಿ.

ಎದೆಯುರಿ, ನುಂಗುವಾಗ ನೋವು ಎನ್ನುವವರು ಮಾತ್ರೆಯನ್ನು ಹೇಗೆ ನುಂಗುತ್ತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ಒಂದೇ ಗುಟುಕು ನೀರು ಕುಡಿದು ಹಾಸಿಗೆಗೆ ಒರಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ವಾಕರಿಕೆಯೂ ಇದರಿಂದ ತಗ್ಗುತ್ತದೆ. ಹಾಲಿನ ಜೊತೆ ಮಾತ್ರ ಬೇಡ, ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣಾಂಶದ, ಕ್ಯಾಲ್ಸಿಯಂ ಮತ್ತು ಆಸಿಡಿಟಿ ಮಾತ್ರೆಗಳಿಗೂ ಇದಕ್ಕೂ ಎರಡು ಮೂರು ಗಂಟೆ ಅಂತರವಿರಲಿ.

ಈ ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ತೋಟಕ್ಕೆ ಹೋಗುವವರು ತುಂಬು ತೋಳಿನ ಅಂಗಿ ಹಾಕಿ, ಮಳೆ ಬಿಟ್ಟ ಮೇಲಿನ ಚುರುಕು ಬಿಸಿಲಿಗಂತೂ ಟೋಪಿ ಬೇಕೇ ಬೇಕು.

ಸ್ವಲ್ಪ ಭೇದಿಯಾದರೆ ಓಆರ್‌ಎಸ್, ಗಂಜಿ ಸಾಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ತರಬೇಡಿ. ಮಲದಲ್ಲಿ ರಕ್ತ, ಮೈತುಂಬ ದದ್ದು, ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು ಕಂಡರೆ ಅಂದೇ ವೈದ್ಯರನ್ನು ಕಾಣಿ. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ ತಕ್ಷಣ 108ಕ್ಕೆ ಕರೆ ಮಾಡಿ.

ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಿ. ಉಳಿದ ಮಾತ್ರೆ ಯಾರಿಗಾದರೂ ಬೇಕೇ ಎಂಬ ಸಂದೇಶಗಳನ್ನು ಇಲ್ಲಿ ಹಾಕಬೇಡಿ, ಅಳಿಸಿಬಿಡುತ್ತೇನೆ.