ಅಪ್ಪನ ಊತ ಇಳಿಸಿದವರಿಗೆ

ಮೊನ್ನೆಗೆ ಒಂದು ವರ್ಷ. ಕೊಟ್ಟಿಗೆ ಅಟ್ಟದ ಒಣಹುಲ್ಲಿಗೆ ಬೆಂಕಿ ಬಿದ್ದಾಗ ಅಪ್ಪ ದನ ಬಿಚ್ಚಲು ಒಳಗೆ ನುಗ್ಗಿದರು. ಮೂರು ದನ ಹೊರಗೆ ಬಂದವು. ಕೊನೆಗೆ ಅಪ್ಪ, ಮೂಗಿನ ಹೊಳ್ಳೆಯೆಲ್ಲ ಮಸಿ.

ಪಕ್ಕದ ಮನೆ ಅಕ್ಕ, ಮೊದಲ ಥ್ಯಾಂಕ್ಸ್ ನಿಮಗೆ. ಟೂತ್‌ಪೇಸ್ಟ್ ತಂದವರನ್ನೆಲ್ಲ ಗದರಿಸಿ ಓಡಿಸಿದಿರಿ. ಪೈಪ್ ಹಿಡಿದು 20 ನಿಮಿಷ ತಣ್ಣೀರು ಬಿಟ್ಟಿರಿ. ಊದಿಕೊಳ್ಳುವ ಮೊದಲೇ ಉಂಗುರ ಬಿಚ್ಚಿಸಿದಿರಿ. ಜೀಪು ಓಡಿಸಿದ ತಮ್ಮ, ಮೂಡಿಗೆರೆಯಿಂದ ಬೇಲೂರು ದಾಟಿ ಹಾಸನಕ್ಕೆ ಮುಟ್ಟಿಸಿದೆಯಲ್ಲ, ನಿನಗೂ.

ಇನ್ನು ರಾತ್ರಿ ಡ್ಯೂಟಿಯ ಡಾಕ್ಟರಿಗೆ. ಇಲ್ಲಿ ಥ್ಯಾಂಕ್ಸಿಗಿಂತ ಕ್ಷಮೆ ಜಾಸ್ತಿ ಕೇಳಬೇಕು. ಅಪ್ಪ ಮಾತಾಡುತ್ತಿದ್ದಾಗಲೇ ಗಂಟಲಿಗೆ ಪೈಪ್ ಹಾಕಿದರು ಅಂತ ಜಗಳ ತೆಗೆದೆ. ಹೊಗೆ ಕುಡಿದ ಗಂಟಲು ಊದಿ ಮುಚ್ಚಿಕೊಂಡ ಮೇಲೆ ಪೈಪ್ ಇಳಿಸುವುದು ಕಷ್ಟವಂತೆ. ಬೆಳಗ್ಗೆ ನೋಡಿದರೆ ಸುಡದ ಎಡಗೈ, ಮುಖ ಎಲ್ಲ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಆದರೂ ಡ್ರಿಪ್ ಓಡುತ್ತಲೇ ಇತ್ತು. ಮತ್ತೆ ಜಗಳ.

ಅವರು ಬೆಂಚಿನ ಮೇಲೆ ಕೂತು ಔಷಧಿ ಚೀಟಿಯ ಹಿಂದೆ ಬರೆದರು: 4 × 60 × 25 = 6000. ಒಂದು ಕಿಲೋ ತೂಕಕ್ಕೆ, ಸುಟ್ಟ ಒಂದೊಂದು ಶೇಕಡಕ್ಕೆ 4 ಮಿಲಿಲೀಟರ್ ಡ್ರಿಪ್. ಅಪ್ಪನ ತೂಕ 60 ಕಿಲೋ. ಬೆನ್ನು ಪೂರ್ತಿ, ಬಲಗೈ ಮುಕ್ಕಾಲು ಸುಟ್ಟಿದ್ದು ಶೇ. 25. ಒಟ್ಟು 6 ಲೀಟರ್ 24 ಗಂಟೆಗೆ, ಅರ್ಧ ಮೊದಲ 8 ಗಂಟೆಯೊಳಗೆ. ಲೆಕ್ಕ ಸುಟ್ಟ ಹೊತ್ತಿನಿಂದ. "ದಾರೀಲಿ 2 ಗಂಟೆ ಹೋಯ್ತು, ಹಾಗಾಗಿ 3 ಲೀಟರ್ 6 ಗಂಟೇಲಿ ಹೋಗ್ಬೇಕು. ಹೊಗೆ ಕುಡಿದವರಿಗೆ ಇನ್ನೂ ಜಾಸ್ತಿನೇ ಬೇಕಾಗ್ಬಹುದು."

ಕೊಟ್ಟಿದ್ದೆಲ್ಲ ಎಲ್ಲಿ ಹೋಗುತ್ತೆ ಅಂದೆ. ರಕ್ತನಾಳ ಸೋರುತ್ತೆ ಅಂದರು. ಸುಟ್ಟ ಕೂಡಲೇ ಚರ್ಮದಲ್ಲಿರುವ ಮಾಸ್ಟ್ ಅನ್ನುವ ರಕ್ಷಣಾ ಕಣಗಳು, ನಾಳದ ಗೋಡೆ ಸಡಿಲಿಸುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಚೆಲ್ಲುತ್ತವೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಓಡಿಬಂದು ನಾಳದ ಒಳಗೋಡೆಗೆ ಅಂಟುತ್ತವೆ. ರೋಗಾಣು ಕೊಲ್ಲಲು ಇಟ್ಟುಕೊಂಡ ಕಿಣ್ವಗಳನ್ನು ಅಲ್ಲೇ ಬಿಡುತ್ತವೆ. ಗೋಡೆಯ ಕಣಗಳ ನಡುವಿನ ಸಂದು ಬಿಟ್ಟುಕೊಂಡು ರಕ್ತದ ನೀರಂಶ, ಪ್ರೊಟೀನು ಎಲ್ಲ ಮಾಂಸಕ್ಕೆ ಇಳಿಯುತ್ತದೆ. ಸುಟ್ಟಗಾಯ ದೊಡ್ಡದಾದರೆ ಸುಡದ ಜಾಗದಲ್ಲೂ ಸೋರಿಕೆ. ಹೊಗೆ ಹೋದ ಶ್ವಾಸಕೋಶಕ್ಕೂ ಇವೇ ಮುತ್ತಿಕೊಳ್ಳುತ್ತವೆ.

"ಹಾಗಾದ್ರೆ ಅವನ್ನೇ ತಡೀರಿ!"

"ತಡೆದ್ರೆ ನಾಳೆ ಸೋಂಕಿಗೆ ಎದುರು ನಿಲ್ಲೋರು ಯಾರಮ್ಮ?"

ಸುಮ್ಮನಾದೆ. ಬೆಂಕಿ ಆರಿಸಲು ಬಂದ ಊರವರೇ ನಮ್ಮ ಕೊಟ್ಟಿಗೆಯ ಹೆಂಚು ಅರ್ಧಕ್ಕರ್ಧ ಒಡೆದಿದ್ದರು. ಅವರನ್ನು ಬೈಯಲಾಗುತ್ತಾ?

ನರ್ಸ್ ಅಕ್ಕಂದಿರೇ, ಗಂಟೆಗೊಮ್ಮೆ ಮೂತ್ರ ಅಳೆದು ಬರೆದಿರಿ. ಅದನ್ನು ನೋಡಿಯೇ ಡ್ರಿಪ್ ಏರಿಸಿ ಇಳಿಸುತ್ತಿದ್ದರು ಅಂತ ಆಮೇಲೆ ತಿಳಿಯಿತು.

ನಾಲ್ಕನೇ ದಿನ ಊತ ಇಳಿದು ಅಪ್ಪ ಕಣ್ಣು ಬಿಟ್ಟರು. ಬಾಯಲ್ಲಿ ಪೈಪ್. ಎಡಗೈಯ ಎರಡು ಬೆರಳನ್ನು ಕೊಂಬಿನ ಹಾಗೆ ಎತ್ತಿ ಹುಬ್ಬು ಹಾರಿಸಿದರು. ಮೂರೂ ಚೆನ್ನಾಗಿವೆ ಅಂದೆ.

ಡಾಕ್ಟ್ರೇ, ಈ ಕಡೆ ಬಂದರೆ ಮನೆಗೆ ಬನ್ನಿ. ಕಾಫಿ ನಮ್ಮ ತೋಟದ್ದು, ಹಾಲು ಅದೇ ದನಗಳದ್ದು. ಜಗಳ ಮಾಡಲ್ಲ.